ಭಾರವ್ಯಾಯಾಮ ಮತ್ತು ಸ್ಥೂಲಪೋಷಕಗಳ ಸಮತೋಲ

ಡಂಬೆಲ್, ಬಾರ್ಬೆಲ್ ಮೊದಲಾದ ಭಾರಗಳನ್ನು ನಿಯತವಾಗಿ ಎತ್ತಿ ಅಭ್ಯಾಸ ಮಾಡತಕ್ಕವರು, ದೇಹದಲ್ಲಿ ಸಂಚಿತವಾದ ಮೇದಸ್ಸನ್ನು ಇಳಿಸಿ ಸ್ನಾಯುಗಳನ್ನು ಬೆಳೆಸಿಕೊಳ್ಳುವ ಉದ್ದೇಶದಿಂದ, ಆಹಾರದ ಮೂರು ಪ್ರಧಾನ ದ್ರವ್ಯಗಳಾದ ಪ್ರೋಟೀನು (ಸಸಾರಜನಕ), ಶರ್ಕರಪಿಷ್ಟ ಮತ್ತು ಕೊಬ್ಬುಗಳನ್ನು ತಮ್ಮ ದೇಹತೂಕಕ್ಕೂ ದಿನದ ಶಕ್ತಿವ್ಯಯಕ್ಕೂ ಅನುಗುಣವಾಗಿ ನಿಶ್ಚಯಿಸಿಕೊಳ್ಳುವ ಕ್ರಮ. ಈ ಮೂರೂ ದಿನವೊಂದಕ್ಕೆ ಹತ್ತಾರು, ನೂರಾರು ಗ್ರಾಂಗಳ ಪ್ರಮಾಣದಲ್ಲಿ ಬೇಕಾಗುವುದರಿಂದ ಸ್ಥೂಲಪೋಷಕಗಳೆನಿಸುತ್ತವೆ. ಮಿಲಿಗ್ರಾಂ ಅಥವಾ ಅದಕ್ಕೂ ಕಡಮೆ ಪ್ರಮಾಣದಲ್ಲಿ ಸಾಕಾಗುವ ಜೀವಸತ್ತ್ವಗಳೂ ಖನಿಜಗಳೂ ಸೂಕ್ಷ್ಮಪೋಷಕಗಳು. ಮೂರನ್ನೂ ಸಮಭಾಗವಾಗಿ ಉಣ್ಣಬೇಕೆಂಬುದಾಗಲಿ, ಶೇ. 40, 30, 30 ಎಂಬಂಥ ಯಾವುದೋ ಒಂದು ಅನುಪಾತ ಸಕಲರಿಗೂ ಸಲ್ಲುವುದೆಂಬುದಾಗಲಿ ಶಾಸ್ತ್ರಸಮ್ಮತವಲ್ಲ. ಮೊದಲು ದಿನದ ಒಟ್ಟು ಶಕ್ತಿ, ಅನಂತರ ಪ್ರೋಟೀನು, ಆಮೇಲೆ ಕೊಬ್ಬಿನ ಕನಿಷ್ಠ ಮಿತಿ, ಇವು ನಿಶ್ಚಿತವಾದ ಮೇಲೆ ಉಳಿದುದೆಲ್ಲ ಶರ್ಕರಪಿಷ್ಟಕ್ಕೆ ಎಂಬ ಆನುಪೂರ್ವಿಯೇ ಈ ವಿಷಯದ ತಿರುಳಾಗಿದ್ದು, ಅದನ್ನು ಹಿಂದುಮುಂದು ಮಾಡುವುದರಿಂದಲೇ ಬಹುಪಾಲು ಅಭ್ಯಾಸಿಗಳ ಶ್ರಮ ವ್ಯರ್ಥವಾಗುತ್ತದೆ.

ಇತಿಹಾಸ

ಆಹಾರವು ದೇಹದಲ್ಲಿ ಮಂದವಾಗಿ ದಹಿಸಿ ಉಷ್ಣವನ್ನೀಯುವುದೆಂಬ ತತ್ತ್ವವನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಪ್ಲಾಸರು, ಮಂಜುಗಡ್ಡೆಯಿಂದ ಆವೃತವಾದ ಉಷ್ಣಮಾಪಕದೊಳಗೆ ಗಿನಿಹಂದಿಯನ್ನಿರಿಸಿ, ಕರಗಿದ ನೀರಿನ ತೂಕದಿಂದ ಅದರ ದೇಹೋಷ್ಣವನ್ನಳೆದು ಪ್ರತಿಪಾದಿಸಿದರು. ಆದರೆ ಸ್ನಾಯುವಿನ ಕೆಲಸಕ್ಕೆ ಇಂಧನ ಯಾವುದೆಂಬ ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. 19ನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ರಸಾಯನಜ್ಞ ಯೂಸ್ಟಸ್ ಫಾನ್ ಲೀಬಿಗನು, ಸ್ನಾಯುವು ದುಡಿಯುವಾಗ ತನ್ನ ಪ್ರೋಟೀನನ್ನೇ ವ್ಯಯಿಸುವುದೆಂದೂ ಆದುದರಿಂದ ಶ್ರಮಜೀವಿಗಳಿಗೆ ಮಾಂಸವೇ ಮುಖ್ಯಾಹಾರವೆಂದೂ ಬೋಧಿಸಿದನು. ಅವನ ಪ್ರತಿಷ್ಠೆಯ ದೆಸೆಯಿಂದ ಆ ಅಭಿಪ್ರಾಯ ಯೂರೋಪಿನಲ್ಲೆಲ್ಲ ಬೇರೂರಿತು. 1865ರಲ್ಲಿ ಅಡಾಲ್ಫ್ ಫಿಕ್ ಮತ್ತು ಯೋಹಾನೆಸ್ ವಿಸ್ಲಿಸೇನಸ್ ಎಂಬಿಬ್ಬರು ವಿಜ್ಞಾನಿಗಳು ಪ್ರೋಟೀನುರಹಿತವಾದ ಆಹಾರವನ್ನು ಸೇವಿಸಿ, ಸ್ವಿಟ್ಸರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನು ಸುಮಾರು ಎರಡು ಸಾವಿರ ಮೀಟರುಗಳಷ್ಟು ಏರಿ, ಆ ಅವಧಿಯಲ್ಲಿ ತಮ್ಮ ಮೂತ್ರದಲ್ಲಿ ವಿಸರ್ಜಿತವಾದ ನೈಟ್ರೊಜನ್ನನ್ನು ಅಳೆದು ನೋಡಲಾಗಿ, ದಹಿಸಿದ ಪ್ರೋಟೀನಿನ ಶಕ್ತಿ ಆ ಆರೋಹಣದ ಕಾರ್ಯಕ್ಕೆ ಏನೇನೂ ಸಾಲದೆಂಬುದು ಸಿದ್ಧವಾಯಿತು. ಸ್ನಾಯುವಿನ ದ್ರವ್ಯ ಬೇರೆ, ಸ್ನಾಯುವಿನ ಇಂಧನ ಬೇರೆ ಎಂಬ ಈ ವಿವೇಚನೆ ಅಂದಿನಿಂದ ಸ್ಥಿರವಾಗಿ ನಿಂತಿದೆ. ಹೀಗಿದ್ದರೂ ಪ್ರೋಟೀನನ್ನು ಹೆಚ್ಚಿಸಿಬಿಟ್ಟರೆ ಭಾರ ಎತ್ತುವ ಕಸುವು ತಾನಾಗಿಯೇ ಬರುವುದೆಂಬ ಲೀಬಿಗನ ಕಾಲದ ನಂಬಿಕೆ ವ್ಯಾಯಾಮಶಾಲೆಗಳಲ್ಲಿ ಇಂದಿಗೂ ಕಾಣಬರುವುದು ಶೋಚನೀಯ.

ಪೋಷಕಗಳ ಶಕ್ತಿಮೌಲ್ಯವನ್ನು ಮೊದಲು ಕ್ರಮವಾಗಿ ನಿರ್ಣಯಿಸಿದವನು ಜರ್ಮನಿಯ ಮಾಕ್ಸ್ ರುಬ್ನರ್. ಅವನ ಮಾರ್ಗವನ್ನು ಮುಂದುವರಿಸಿದ ಅಮೆರಿಕದ ವಿಲ್ಬರ್ ಆಟ್‌ವಾಟರ್ (1844-1907) ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ, ಮನುಷ್ಯನೊಬ್ಬ ದಿನಗಟ್ಟಲೆ ಒಳಗೆ ವಾಸಿಸಬಹುದಾದಂಥ ಉಷ್ಣಮಾಪಕ ಕೊಠಡಿಯೊಂದನ್ನು ನಿರ್ಮಿಸಿ, ಉಂಡ ಅನ್ನಕ್ಕೂ ಬಿಟ್ಟ ಉಸಿರಿಗೂ ಹೊರಬಿದ್ದ ಉಷ್ಣಕ್ಕೂ ಲೆಕ್ಕವಿಟ್ಟು, ಗ್ರಾಂ ಒಂದಕ್ಕೆ ಪ್ರೋಟೀನು 4, ಶರ್ಕರಪಿಷ್ಟ 4, ಕೊಬ್ಬು 9 ಕಿಲೊಕ್ಯಾಲೊರಿಗಳನ್ನು ದೇಹಕ್ಕೆ ಒದಗಿಸುವುವೆಂದು ಗೊತ್ತುಮಾಡಿದನು. ಇಂದು ಅಂಗಡಿಯ ಪೊಟ್ಟಣಗಳ ಮೇಲೆ ಮುದ್ರಿತವಾಗುವ ಅಂಕಗಳಿಗೆ ಈ ಗುಣಕಗಳೇ ಆಧಾರ. ಮದ್ಯಸಾರದ ಗುಣಕ 7. ಅದು ಪೋಷಕವಲ್ಲದಿದ್ದರೂ ಅದರ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡಲಾಗದು.

ದಿನಕ್ಕೆಷ್ಟು ಪ್ರೋಟೀನೆಂಬ ವಾದ ಆ ಕಾಲದಲ್ಲಿಯೇ ಆರಂಭವಾಯಿತು. ಜರ್ಮನಿಯ ಶರೀರವಿಜ್ಞಾನಿ ಕಾರ್ಲ್ ಫಾಯ್ಟ್ ಶ್ರಮಿಕನಿಗೆ 118 ಗ್ರಾಂ ಬೇಕೆಂದನು; ಯೇಲ್ ವಿಶ್ವವಿದ್ಯಾನಿಲಯದ ರಸೆಲ್ ಚಿಟೆಂಡನ್ ತನ್ನ ಮೇಲೂ ಸಹೋದ್ಯೋಗಿಗಳ, ಸೈನಿಕರ ಮತ್ತು ವಿದ್ಯಾರ್ಥಿ ಕ್ರೀಡಾಪಟುಗಳ ಮೇಲೂ ಪ್ರಯೋಗ ನಡೆಸಿ, ಅದರ ಅರ್ಧದಷ್ಟರಲ್ಲಿಯೇ ಆರೋಗ್ಯವೂ ಬಲವೂ ಕುಂದದೆ ಉಳಿಯುವುವೆಂದು 1904ರಲ್ಲಿ ಪ್ರಕಟಿಸಿದನು. ಇಬ್ಬರ ಮಾತೂ ಅವರವರ ಪ್ರಶ್ನೆಗೆ ತಕ್ಕ ಉತ್ತರವೇ ಆಗಿದ್ದಿತು. ಬದುಕಿ ಆರೋಗ್ಯವಾಗಿರಲು ಎಷ್ಟು ಬೇಕೆಂಬುದೊಂದು ಪ್ರಶ್ನೆ. ಇರುವ ಸ್ನಾಯುವನ್ನು ಹಿಗ್ಗಿಸಲು ಎಷ್ಟು ಬೇಕೆಂಬುದು ಮತ್ತೊಂದು. ಎರಡನೆಯದನ್ನು ಶಾಸ್ತ್ರೀಯವಾಗಿ ಕೇಳಲು ಭಾರವ್ಯಾಯಾಮವೇ ಮೊದಲು ಶಾಸ್ತ್ರವಾಗಬೇಕಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಯೋಧರ ಕ್ಷೀಣಿಸಿದ ಸ್ನಾಯುಗಳಿಗೆ, ಎತ್ತುವ ಭಾರವನ್ನು ಮೆಟ್ಟಲುಮೆಟ್ಟಲಾಗಿ ಏರಿಸುವ ಚಿಕಿತ್ಸೆಯಿಂದ ಬಲವನ್ನು ಮರಳಿಸಿದ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದುದು ಆ ದಿಕ್ಕಿನಲ್ಲಿ ದೃಢವಾದ ಹೆಜ್ಜೆ.

ಶಕ್ತಿಯ ಲೆಕ್ಕ

ವ್ಯಯವಾಗುವುದಕ್ಕಿಂತ ಕಡಮೆ ಶಕ್ತಿಯನ್ನು ಉಂಡಾಗ ಮಾತ್ರ ದೇಹವು ತನ್ನ ಮೇದಸ್ಸಿನ ಸಂಚಯವನ್ನು ಕರಗಿಸುವುದೆಂಬ ನಿಯಮಕ್ಕೆ ಅಪವಾದವಿಲ್ಲ. ಒಂದು ಕಿಲೊಗ್ರಾಂ ಮೇದಧಾತುವಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿರುವುದೆಂದು ಗಣನೆ. ವ್ಯಯವನ್ನು ಅಂದಾಜುಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜೋರ್ ಸೂತ್ರ ಬಳಕೆಯಲ್ಲಿದೆ: ಕಿಲೊಗ್ರಾಂಗಳಲ್ಲಿ ದೇಹತೂಕವನ್ನು 10ರಿಂದಲೂ ಸೆಂಟಿಮೀಟರುಗಳಲ್ಲಿ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟನ್ನು ಕಳೆದು, ಪುರುಷರಿಗೆ 5ನ್ನು ಕೂಡಿಸಿದರೆ, ಸ್ತ್ರೀಯರಿಗೆ 161ನ್ನು ಕಳೆದರೆ ದೊರೆಯುವುದು ವಿಶ್ರಾಂತಿಯಲ್ಲಿನ ವ್ಯಯ. ಅದನ್ನು ದಿನಚರಿಯ ಚಟುವಟಿಕೆಗೆ ತಕ್ಕಂತೆ 1.4ರಿಂದ 1.7ರವರೆಗಿನ ಗುಣಕದಿಂದ ಗುಣಿಸುವುದು ವಾಡಿಕೆ. ಇದು ಅಂದಾಜೇ ಹೊರತು ಅಳತೆಯಲ್ಲ. ಎರಡು ಮೂರು ವಾರಗಳ ದೇಹತೂಕದ ಚಲನೆಯನ್ನು ನೋಡಿ ತಿದ್ದಿಕೊಂಡ ಮೇಲೆಯೇ ಅದಕ್ಕೆ ಪ್ರಾಮಾಣ್ಯ.

ಶಕ್ತಿಯನ್ನು ಎಷ್ಟು ಕಡಿತಗೊಳಿಸಬೇಕೆಂಬಲ್ಲಿ ಆತುರವು ಬಹು ಅನರ್ಥಕಾರಿ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ, ಸ್ವಯಂಪ್ರೇರಿತರಾಗಿ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದಾಗ, ಅವರು ತಮ್ಮ ದೇಹತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಹಾಗೆ ಕಳೆದುದರಲ್ಲಿ ಮೇದಸ್ಸಷ್ಟೇ ಅಲ್ಲದೆ ಸ್ನಾಯುವೂ ಗಣನೀಯವಾಗಿ ಸೇರಿದ್ದು, ಕೈಕಾಲುಗಳ ಬಲವೂ ಮನಸ್ಸಿನ ಸ್ಥೈರ್ಯವೂ ಕುಗ್ಗಿದ್ದವು. ಭಾರವ್ಯಾಯಾಮವಿದ್ದರೂ ವೇಗದ ಪ್ರಶ್ನೆ ಇದ್ದೇ ಇದೆಯೆಂಬುದನ್ನು ನಾರ್ವೆಯ ಉನ್ನತ ಶ್ರೇಣಿಯ ಕ್ರೀಡಾಪಟುಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಾರಕ್ಕೆ ದೇಹತೂಕದ ಶೇ. 0.7ರಷ್ಟನ್ನು ಇಳಿಸುತ್ತ ಬಂದವರಲ್ಲಿ ಮೇದರಹಿತ ದ್ರವ್ಯ ಶೇ. 2ರಷ್ಟು ಹೆಚ್ಚಿತು, ಶೇ. 1.4ರ ವೇಗದಲ್ಲಿ ಇಳಿಸಲು ಹೊರಟವರಲ್ಲಿ ಅದು ಬೆಳೆಯಲೇ ಇಲ್ಲ. ಆದುದರಿಂದ ವ್ಯಯದ ಶೇ. 15ರಿಂದ 25ರಷ್ಟು ಕಡಿತ, ವಾರಕ್ಕೆ ದೇಹತೂಕದ ಶೇ. 0.5ರಿಂದ 1ರಷ್ಟು ಇಳಿತ, ಇದು ವಿವೇಕದ ಮಿತಿ. ಸ್ನಾಯುವೃದ್ಧಿಯೇ ಮುಖ್ಯ ಗುರಿಯಾದವರಿಗೆ ವ್ಯಯಕ್ಕಿಂತ ಶೇ. 10ರಷ್ಟು ಹೆಚ್ಚು ಸಾಕು. ಅದಕ್ಕೆ ಮೀರಿ ಉಂಡುದು ಸ್ನಾಯುವಾಗದೆ ಮೇದಸ್ಸಾಗಿಯೇ ನೆಲಸುತ್ತದೆ.

ಮೇದಸ್ಸಿನ ಇಳಿತ ಮತ್ತು ಸ್ನಾಯುವಿನ ಏರಿಕೆ ಏಕಕಾಲದಲ್ಲಿ ಸಾಧ್ಯವೇ ಎಂಬುದು ಅಭ್ಯಾಸಿಗಳು ಪದೇಪದೇ ಕೇಳುವ ಪ್ರಶ್ನೆ. ಭಾರವನ್ನು ಹೊಸದಾಗಿ ಎತ್ತತೊಡಗಿದವರಲ್ಲಿ, ಬಹುಕಾಲ ಬಿಟ್ಟು ಮತ್ತೆ ಆರಂಭಿಸಿದವರಲ್ಲಿ, ಮೇದಸ್ಸಿನ ಸಂಚಯ ಅಧಿಕವಾಗಿರುವವರಲ್ಲಿ ಅದು ನಿಶ್ಚಯವಾಗಿಯೂ ಸಾಧ್ಯ. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ 40 ಮಂದಿ ತರುಣರು ನಾಲ್ಕು ವಾರ ತಮ್ಮ ಶಕ್ತಿಯ ಅಗತ್ಯಕ್ಕಿಂತ ಶೇ. 40ರಷ್ಟು ಕಡಮೆ ಉಂಡು ಕಠಿನವಾದ ವ್ಯಾಯಾಮ ಮಾಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: ದೇಹತೂಕದ ಕಿಲೊಗ್ರಾಂ ಒಂದಕ್ಕೆ 2.4 ಗ್ರಾಂ ಪ್ರೋಟೀನು ಉಂಡ ಗುಂಪು ಸರಾಸರಿ 4.8 ಕಿಲೊಗ್ರಾಂ ಮೇದಸ್ಸನ್ನು ಕಳೆದು 1.2 ಕಿಲೊಗ್ರಾಂ ಮೇದರಹಿತ ದ್ರವ್ಯವನ್ನು ಗಳಿಸಿತು, 1.2 ಗ್ರಾಂ ಉಂಡ ಗುಂಪು 3.5 ಕಿಲೊಗ್ರಾಂ ಮೇದಸ್ಸನ್ನು ಕಳೆದರೂ ಮೇದರಹಿತ ದ್ರವ್ಯದಲ್ಲಿ ಹೆಚ್ಚುಕಡಮೆ ಇದ್ದಲ್ಲಿಯೇ ಇದ್ದಿತು. ಅಷ್ಟು ತೀವ್ರವಾದ ಕಡಿತ ಮೇಲ್ವಿಚಾರಣೆಯಿಲ್ಲದೆ ಅನುಕರಣೀಯವಲ್ಲ. ಆದರೆ ಶಕ್ತಿಯ ಅಭಾವದಲ್ಲಿಯೂ ಪ್ರೋಟೀನು ಮತ್ತು ಭಾರ ಎರಡೂ ಕೂಡಿದರೆ ಸ್ನಾಯು ಉಳಿಯುವುದಷ್ಟೇ ಅಲ್ಲದೆ ಬೆಳೆಯಲೂ ಬಹುದೆಂಬುದಕ್ಕೆ ಇದು ಉತ್ತಮ ಸಾಕ್ಷ್ಯ. ವರ್ಷಾನುವರ್ಷ ಅಭ್ಯಾಸ ಮಾಡಿ ದೇಹವನ್ನು ಹದಗೊಳಿಸಿಕೊಂಡವರಿಗೆ ಮಾತ್ರ ಒಂದು ಕಾಲದಲ್ಲಿ ಒಂದನ್ನೇ ಗುರಿಯಾಗಿರಿಸಿಕೊಳ್ಳುವುದು ಲೇಸು.

ಪ್ರೋಟೀನು

ಸ್ನಾಯುವಿನ ಪ್ರೋಟೀನು ಸದಾ ಒಡೆಯುತ್ತಲೂ ಸದಾ ನಿರ್ಮಾಣಗೊಳ್ಳುತ್ತಲೂ ಇರುವ ವಸ್ತು. ಭಾರವನ್ನು ಎತ್ತಿದ ಮೇಲೆ ನಿರ್ಮಾಣದ ಗತಿ ಒಂದೆರಡು ದಿನಗಳವರೆಗೂ ಏರಿರುತ್ತದೆ. ಆ ಅವಧಿಯಲ್ಲಿ ರಕ್ತದಲ್ಲಿ ಅಮೈನೊ ಆಮ್ಲಗಳು ಸಾಕಷ್ಟು ಹರಿದುಬಂದರೆ ನಿರ್ಮಾಣವು ಒಡೆತವನ್ನು ಮೀರಿ ಸ್ನಾಯು ಹಿಗ್ಗುತ್ತದೆ, ಬಾರದಿದ್ದರೆ ಹೊಸದಾಗಿ ಕಟ್ಟಬೇಕಾದ ದ್ರವ್ಯಕ್ಕೆ ದೇಹವು ತನ್ನ ಧಾತುಗಳನ್ನೇ ಮುರಿಯಬೇಕಾಗುತ್ತದೆ. ಆಹಾರದಿಂದಲೇ ಬರಬೇಕಾದ ಒಂಬತ್ತು ಅಮೈನೊ ಆಮ್ಲಗಳಲ್ಲಿ ಲೂಸೀನಿಗೆ ವಿಶೇಷ ಸ್ಥಾನವುಂಟು: ಅದು ನಿರ್ಮಾಣದ ದ್ರವ್ಯವಾಗಿರುವುದಲ್ಲದೆ ನಿರ್ಮಾಣವನ್ನು ಆರಂಭಿಸೆಂಬ ಸಂಕೇತವೂ ಆಗಿ ಜೀವಕೋಶಗಳಲ್ಲಿ ವರ್ತಿಸುತ್ತದೆ. ಊಟವೊಂದರಲ್ಲಿ 2ರಿಂದ 3 ಗ್ರಾಂ ಲೂಸೀನು ಬಂದರೆ ಆ ಸಂಕೇತ ಪೂರ್ಣವಾಗುವುದೆಂದು ತಿಳಿದುಬಂದಿದೆ. ಉತ್ತಮ ದರ್ಜೆಯ ಪ್ರೋಟೀನು 25ರಿಂದ 30 ಗ್ರಾಂ ಇರುವ ಊಟದಲ್ಲಿ ಅಷ್ಟು ಲೂಸೀನು ದೊರೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಿಧಿಸಿದ ದೈನಿಕ ಪ್ರಮಾಣ ದೇಹತೂಕದ ಕಿಲೊಗ್ರಾಂ ಒಂದಕ್ಕೆ 0.83 ಗ್ರಾಂ, ಎಂದರೆ 65 ಕಿಲೊಗ್ರಾಂ ತೂಕದ ಪುರುಷನಿಗೆ 54 ಗ್ರಾಂ. ಇದು ಸಾಮಾನ್ಯ ಆರೋಗ್ಯದ ರಕ್ಷಣೆಗೆ ಸಾಕಾಗುವ ಮಟ್ಟ. ಭಾರ ಎತ್ತುವವನ ಅಗತ್ಯಕ್ಕೆ ಅದನ್ನೇ ಮೇರೆಯೆಂದು ಹಿಡಿಯುವುದು ಚಿಟೆಂಡನ್ನನ ಉತ್ತರವನ್ನು ಬೇರೊಂದು ಪ್ರಶ್ನೆಗೆ ಒಪ್ಪಿಸಿದಂತೆ. 49 ಪ್ರಯೋಗಗಳನ್ನೂ 1,863 ಮಂದಿ ಅಭ್ಯಾಸಿಗಳನ್ನೂ ಒಟ್ಟುಗೂಡಿಸಿ ಪರಿಶೀಲಿಸಿದ 2018ರ ಸಮೀಕ್ಷೆಯೊಂದು, ಪ್ರೋಟೀನು ದಿನಕ್ಕೆ ಕಿಲೊಗ್ರಾಂ ತೂಕಕ್ಕೆ ಸುಮಾರು 1.6 ಗ್ರಾಂ ಮುಟ್ಟುವವರೆಗೂ ಸ್ನಾಯುವೃದ್ಧಿ ಹೆಚ್ಚುತ್ತ ಹೋಗಿ ಅಲ್ಲಿಂದ ಮುಂದೆ ಸಮತಟ್ಟಾಗುವುದೆಂದು ನಿರ್ಣಯಿಸಿತು. ವ್ಯಕ್ತಿಭೇದವನ್ನು ಪರಿಗಣಿಸಿದರೆ ಆ ಮೇರೆ 2.2ರವರೆಗೂ ಇರಬಹುದು. ಶಕ್ತಿಯನ್ನು ಕಡಿತಗೊಳಿಸಿದಾಗ ಪ್ರೋಟೀನು ಏರಬೇಕೇ ವಿನಾ ಇಳಿಯಬಾರದು. ಇಂಧನದ ಅಭಾವವುಂಟಾದಾಗ ದೇಹವು ಅಮೈನೊ ಆಮ್ಲಗಳನ್ನೂ ಉರಿಸತೊಡಗುವುದರಿಂದ ಆಗ 1.8ರಿಂದ 2.4 ಗ್ರಾಂ ಉಚಿತವಾದ ಮಿತಿ. ಸ್ಪರ್ಧೆಗಾಗಿ ಅತ್ಯಂತ ಕೃಶರಾಗುವ ದೇಹದಾರ್ಢ್ಯಪಟುಗಳಿಗೆ ಮೇದರಹಿತ ದ್ರವ್ಯದ ಕಿಲೊಗ್ರಾಂ ಒಂದಕ್ಕೆ 2.3ರಿಂದ 3.1 ಗ್ರಾಂವರೆಗೂ ಸೂಚಿಸಲಾಗಿದೆ. ಸ್ಥೂಲಕಾಯರು ಈ ಗುಣಕಗಳನ್ನು ಈಗಿನ ತೂಕಕ್ಕಲ್ಲದೆ ತಾವು ತಲಪಬೇಕೆಂದಿರುವ ತೂಕಕ್ಕೆ ಅನ್ವಯಿಸಿಕೊಳ್ಳತಕ್ಕದ್ದು. 110 ಕಿಲೊಗ್ರಾಂ ತೂಗುವವನು 220 ಗ್ರಾಂ ಪ್ರೋಟೀನಿಗಾಗಿ ಹೆಣಗಬೇಕಾದುದಿಲ್ಲ.

ಪ್ರೋಟೀನಿಗೆ ಬೇರೆ ಎರಡು ಗುಣಗಳುಂಟು. ಜೀರ್ಣವಾಗಿ ಧಾತುಗತವಾಗುವಷ್ಟರಲ್ಲಿ ಅದರ ಶಕ್ತಿಯ ಶೇ. 20ರಿಂದ 30ರಷ್ಟು ಉಷ್ಣವಾಗಿ ವ್ಯಯವಾಗುತ್ತದೆ. ಶರ್ಕರಪಿಷ್ಟದಲ್ಲಿ ಇದು ಶೇ. 5ರಿಂದ 10, ಕೊಬ್ಬಿನಲ್ಲಿ ಹೆಚ್ಚೆಂದರೆ ಶೇ. 3. ಹಸಿವನ್ನು ಹೆಚ್ಚು ಹೊತ್ತು ತಣಿಸುವ ಶಕ್ತಿಯೂ ಅದಕ್ಕೇ ಅಧಿಕ. ಕಡಮೆ ಉಣ್ಣಬೇಕಾದ ವ್ರತದಲ್ಲಿ ಈ ತೃಪ್ತಿಗುಣದ ಬೆಲೆ ಅಂಕಗಳಲ್ಲಿ ಕಾಣುವುದಕ್ಕಿಂತ ಹೆಚ್ಚಿನದು, ಏಕೆಂದರೆ ಆಹಾರನಿಯಮ ಮುರಿಯುವುದು ಸಾಮಾನ್ಯವಾಗಿ ಹಸಿವಿನಿಂದಲೇ.

ಕೊಬ್ಬು

ಲಿನೊಲಿಯಿಕ್ ಮತ್ತು ಆಲ್ಫಾ ಲಿನೊಲೆನಿಕ್ ಆಮ್ಲಗಳನ್ನು ದೇಹವು ತಾನಾಗಿ ತಯಾರಿಸಲಾರದು. ಎ, ಡಿ, ಇ, ಕೆ ಜೀವಸತ್ತ್ವಗಳ ಹೀರಿಕೆಗೂ ಕೊಬ್ಬು ಬೇಕು. ಬಹುಕಾಲ ಅತಿಯಾಗಿ ಕಡಮೆ ಕೊಬ್ಬನ್ನುಂಡ ಪುರುಷರಲ್ಲಿ ಟೆಸ್ಟಾಸ್ಟಿರೋನ್ ತುಸು ಇಳಿಯುವುದೂ, ಕೊಬ್ಬು ಮತ್ತು ಶಕ್ತಿಯೆರಡನ್ನೂ ತೀವ್ರವಾಗಿ ಕಡಿದ ಸ್ತ್ರೀಯರಲ್ಲಿ ಋತುಚಕ್ರ ಏರುಪೇರಾಗುವುದೂ ಕಂಡುಬಂದಿವೆ. ಒಟ್ಟು ಶಕ್ತಿಯ ಶೇ. 20ಕ್ಕಿಂತ ಕೆಳಗೆ ಇಳಿಯದಿರುವುದು, ಅಥವಾ ಕಿಲೊಗ್ರಾಂ ತೂಕಕ್ಕೆ 0.7ರಿಂದ 1 ಗ್ರಾಂನಷ್ಟು ಇರಿಸಿಕೊಳ್ಳುವುದು ಸಾಕಾದ ನಿಯಮ. ಗೃಹಕೃತ್ಯದಲ್ಲಿ ಇದು ಕೈಮೀರುವುದು ಬಹು ಸುಲಭ: ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 14 ಗ್ರಾಂ ಕೊಬ್ಬೂ 120ಕ್ಕೂ ಮೇಲ್ಪಟ್ಟ ಕಿಲೊಕ್ಯಾಲೊರಿಗಳೂ ಇರುವುದರಿಂದ, ಒಗ್ಗರಣೆಯ ಕೈ ಧಾರಾಳವಾದರೆ ಇಡೀ ದಿನದ ಕಡಿತ ಸಾರು ಪಲ್ಯಗಳಲ್ಲಿಯೇ ಕರಗಿಹೋಗುತ್ತದೆ.

ಶರ್ಕರಪಿಷ್ಟ

ಎಂಟರಿಂದ ಹನ್ನೆರಡು ಬಾರಿ ಎತ್ತಿ ದಣಿಯುವಂಥ ಭಾರಕ್ಕೆ ಸ್ನಾಯು ಮುಖ್ಯವಾಗಿ ಉಪಯೋಗಿಸುವುದು ತನ್ನಲ್ಲಿಯೇ ಸಂಗ್ರಹವಾಗಿರುವ ಗ್ಲೈಕೊಜನ್ನನ್ನು. ವಯಸ್ಕನ ಸ್ನಾಯುಗಳಲ್ಲಿ ಒಟ್ಟು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೊಜನ್ ಇರುತ್ತದೆ. ಶರ್ಕರಪಿಷ್ಟದಿಂದಲೇ ಅದು ತುಂಬಿಬರತಕ್ಕದ್ದು. ಈ ಕಾರಣದಿಂದ ಸ್ನಾಯುವೃದ್ಧಿಯ ಕಾಲದಲ್ಲಿ ಕಿಲೊಗ್ರಾಂ ತೂಕಕ್ಕೆ 4ರಿಂದ 6 ಗ್ರಾಂ, ಇಳಿಕೆಯ ಕಾಲದಲ್ಲಿ 2ರಿಂದ 3 ಗ್ರಾಂ ಉಂಡವರು ವ್ಯಾಯಾಮದ ಕಸುವನ್ನು ಉಳಿಸಿಕೊಳ್ಳುತ್ತಾರೆ. ಅನ್ನವನ್ನು ಪೂರ್ತಿಯಾಗಿ ಬಿಟ್ಟವರ ತೂಕ ಮೊದಲ ವಾರದಲ್ಲಿ ಒಂದೆರಡು ಕಿಲೊಗ್ರಾಂ ತಟ್ಟನೆ ಇಳಿಯುವುದನ್ನು ನೋಡಿ ಬೆರಗಾಗುವವರುಂಟು. ಗ್ಲೈಕೊಜನ್ನಿನ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಬಂಧಿತವಾಗಿದ್ದು ಅದು ಹೊರಹೋಗುವುದರಿಂದಾದ ಇಳಿತವಿದು. ಮೇದಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಅನ್ನವೇ ಮೇದಸ್ಸಿಗೆ ಕಾರಣ, ಕೊಬ್ಬೇ ಕಾರಣ ಎಂಬ ಉಭಯಪಕ್ಷಗಳ ವಾದಕ್ಕೆ ಅಮೆರಿಕದಲ್ಲಿ 609 ಮಂದಿ ವಯಸ್ಕರನ್ನು ಒಂದು ವರ್ಷ ಅನುಸರಿಸಿದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ತೃಪ್ತಿಕರವಾದ ಉತ್ತರವನ್ನಿತ್ತಿದೆ. ಕೊಬ್ಬನ್ನು ಕಡಮೆ ಮಾಡಿದವರು ಸರಾಸರಿ 5.3 ಕಿಲೊಗ್ರಾಂ, ಶರ್ಕರಪಿಷ್ಟವನ್ನು ಕಡಮೆ ಮಾಡಿದವರು 6 ಕಿಲೊಗ್ರಾಂ ಕಳೆದರು. ಈ ಅಂತರ ಗಣ್ಯವೆನಿಸಲಿಲ್ಲ. ಶಕ್ತಿಯೂ ಪ್ರೋಟೀನೂ ಸಮವಾಗಿದ್ದಲ್ಲಿ ಉಳಿದೆರಡರ ಪಾಲನ್ನು ಅಭ್ಯಾಸಿಯು ತನ್ನ ರುಚಿಗೂ ಜೀರ್ಣಶಕ್ತಿಗೂ ತಕ್ಕಂತೆ ಹಂಚಿಕೊಳ್ಳಬಹುದೆಂಬುದು ಈ ಲೇಖಕನ ನಿಶ್ಚಿತಾಭಿಪ್ರಾಯ. ಭಾರ ಎತ್ತುವವನು ಮಾತ್ರ ಶರ್ಕರಪಿಷ್ಟದ ಕಡೆಗೆ ತುಸು ವಾಲುವುದು ಹಿತ.

ಗಣನೆಯ ಉದಾಹರಣೆ

ಮೂವತ್ತು ವಯಸ್ಸಿನ, 75 ಕಿಲೊಗ್ರಾಂ ತೂಕದ, 170 ಸೆಂಟಿಮೀಟರು ಎತ್ತರದ ಪುರುಷನೊಬ್ಬನ ವಿಶ್ರಾಂತಿವ್ಯಯ ಮೇಲಣ ಸೂತ್ರದಂತೆ ಸುಮಾರು 1,670 ಕಿಲೊಕ್ಯಾಲೊರಿ; ಗುಣಕ 1.5 ಎಂದಿಟ್ಟರೆ ದಿನದ ವ್ಯಯ 2,500. ಮೇದಸ್ಸನ್ನಿಳಿಸಲು ಶೇ. 20ರ ಕಡಿತದಿಂದ 2,000 ಕಿಲೊಕ್ಯಾಲೊರಿ ನಿಶ್ಚಯವಾಯಿತು. ಕಿಲೊಗ್ರಾಮಿಗೆ 2 ಗ್ರಾಂನಂತೆ ಪ್ರೋಟೀನು 150 ಗ್ರಾಂ, ಅದರ ಶಕ್ತಿ 600. ಕೊಬ್ಬು 60 ಗ್ರಾಂ, ಅದರ ಶಕ್ತಿ 540. ಉಳಿದ 860 ಕಿಲೊಕ್ಯಾಲೊರಿಗೆ 215 ಗ್ರಾಂ ಶರ್ಕರಪಿಷ್ಟ. ಅವನೇ ಮುಂದೆ ಸ್ನಾಯುವೃದ್ಧಿಗೆ 2,750 ಕಿಲೊಕ್ಯಾಲೊರಿಗಳನ್ನು ಉಣ್ಣಹೊರಟರೆ ಪ್ರೋಟೀನು 120 ಗ್ರಾಂ, ಕೊಬ್ಬು 75 ಗ್ರಾಂ, ಶರ್ಕರಪಿಷ್ಟ ಸುಮಾರು 400 ಗ್ರಾಂ ಆಗುತ್ತದೆ. ಶೇಕಡಾವಾರು ನೋಡಿದರೆ ಪ್ರೋಟೀನಿನ ಪಾಲು ಮೊದಲನೆಯದರಲ್ಲಿ 30, ಎರಡನೆಯದರಲ್ಲಿ 17ರ ಆಸುಪಾಸು. ಒಬ್ಬನೇ ವ್ಯಕ್ತಿಗೆ ಎರಡು ಋತುಗಳಲ್ಲಿ ಇಷ್ಟು ಭಿನ್ನವಾದ ಅನುಪಾತಗಳು ಸರಿಯಾಗಿರುವಾಗ, ಶೇಕಡಾ ಅನುಪಾತವನ್ನು ಮೊದಲು ಗೊತ್ತುಮಾಡಿ ಆಹಾರವನ್ನು ಅದಕ್ಕೆ ಹೊಂದಿಸುವ ಪದ್ಧತಿ ಎಷ್ಟು ದುರ್ಬಲವೆಂಬುದು ಸ್ಪಷ್ಟ. ಶೇ. 30ರ ಪ್ರೋಟೀನೆಂಬ ಕಟ್ಟಳೆ 1,200 ಕಿಲೊಕ್ಯಾಲೊರಿ ಉಣ್ಣುವವಳಿಗೆ 90 ಗ್ರಾಮನ್ನೂ 3,000 ಉಣ್ಣುವವನಿಗೆ 225 ಗ್ರಾಮನ್ನೂ ವಿಧಿಸುತ್ತದೆ. ಎರಡನೆಯದು ನಿಷ್ಪ್ರಯೋಜಕವಾದ ಆಧಿಕ್ಯ.

ಮೂವತ್ತೈದರ ವಯಸ್ಸಿನ, 60 ಕಿಲೊಗ್ರಾಂ ತೂಕದ, 158 ಸೆಂಟಿಮೀಟರು ಎತ್ತರದ ಸ್ತ್ರೀಗೆ ಇದೇ ಕ್ರಮದಲ್ಲಿ ಇಳಿಕೆಯ ಕಾಲದ ಶಕ್ತಿ 1,500 ಕಿಲೊಕ್ಯಾಲೊರಿ, ಪ್ರೋಟೀನು 110 ಗ್ರಾಂ, ಕೊಬ್ಬು 50 ಗ್ರಾಂ, ಶರ್ಕರಪಿಷ್ಟ ಸುಮಾರು 150 ಗ್ರಾಂ.

ಕನ್ನಡನಾಡಿನ ಊಟದಲ್ಲಿ

ಭಾರತೀಯರಲ್ಲಿ, ಅದೇ ಎತ್ತರ ಮತ್ತು ತೂಕದ ಯೂರೋಪಿಯನ್ನರಿಗೆ ಹೋಲಿಸಿದರೆ, ಮೇದಸ್ಸು ಹೆಚ್ಚು, ಸ್ನಾಯು ಕಡಮೆ. ಏಷ್ಯದ ಜನರ ವಿಷಯದಲ್ಲಿ ದೇಹತೂಕದ ಸೂಚ್ಯಂಕ 23 ದಾಟಿದೊಡನೆಯೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದುದು ಇದರಿಂದಲೇ. ಬರಿಯ ತೂಕವನ್ನಿಳಿಸುವುದಕ್ಕಿಂತ ಸ್ನಾಯುವನ್ನು ಕಾಪಾಡಿ ಮೇದಸ್ಸನ್ನಿಳಿಸುವುದು ನಮ್ಮವರಿಗೆ ಹೆಚ್ಚು ಅವಶ್ಯ.

ನಮ್ಮ ನಾಡಿಗೆ ಅಂಗಸಾಧನೆಯ ಪರಂಪರೆ ಹೊಸದಲ್ಲ. ಗರಡಿಮನೆಗಳ ಪೈಲ್ವಾನರು ಹಾಲು, ತುಪ್ಪ, ಬಾದಾಮಿಗಳನ್ನು ಧಾರಾಳವಾಗಿ ಸೇವಿಸುತ್ತಿದ್ದುದು ಪ್ರಸಿದ್ಧ. ದಿನವೂ ನೂರಾರು ದಂಡ, ಬೈಠಕ್ ತೆಗೆದು ಮಟ್ಟಿಯಲ್ಲಿ ಗಂಟೆಗಟ್ಟಲೆ ಸೆಣಸುವ ದೇಹಕ್ಕೆ ಆ ಶಕ್ತಿ ಸಲ್ಲುತ್ತಿದ್ದಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಭಾರವ್ಯಾಯಾಮದ ಮೇಲೆ ಇಂಗ್ಲಿಷಿನಲ್ಲಿಯೂ, 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಕನ್ನಡದಲ್ಲಿಯೂ ಬರೆದ ಕೆ. ವಿ. ಅಯ್ಯರ್ (1897-1980) ಬಾರ್ಬೆಲ್ಲಿನ ಸಾಧನೆಯನ್ನು ವಿದ್ಯಾವಂತ ಗೃಹಸ್ಥರಿಗೂ ಗೌರವದ ವಿಷಯವನ್ನಾಗಿ ಮಾಡಿದರು. ಆದರೆ ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಸಂಜೆ ಒಂದು ಗಂಟೆ ಜಿಮ್ಮಿಗೆ ಹೋಗುವವನು ಪೈಲ್ವಾನನ ತುಪ್ಪವನ್ನು ಅನುಕರಿಸಿದರೆ ಹೊಟ್ಟೆ ಬೆಳೆಯುವುದೇ ಫಲ.

ನಿಜವಾದ ಕೊರತೆ ಪ್ರೋಟೀನಿನದು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಂ ಆಸುಪಾಸಿನಲ್ಲಿದ್ದು ಧಾನ್ಯಗಳಲ್ಲೆಲ್ಲ ಅದು ಮೇಲಾದರೂ, ಪ್ರೋಟೀನು 7 ಗ್ರಾಂ ಮಾತ್ರ. ಅಕ್ಕಿಯದೂ ಹೆಚ್ಚುಕಡಮೆ ಅಷ್ಟೇ. ತೊಗರಿಬೇಳೆ, ಹುರುಳಿಗಳಲ್ಲಿ 22 ಗ್ರಾಂ ಇದೆ ನಿಜ. ಆದರೆ ತಿಳಿಸಾರಿನ ಊಟದಲ್ಲಿ ಒಬ್ಬನ ಪಾಲಿಗೆ ಬೀಳುವ ಬೇಳೆ 25 ಗ್ರಾಂ ಎಂದಿಟ್ಟುಕೊಂಡರೂ ಅದರಿಂದ ಬರುವುದು ಐದಾರು ಗ್ರಾಂ. ಬೇಳೆಯೊಂದರಿಂದಲೇ 100 ಗ್ರಾಂ ಪ್ರೋಟೀನು ಪಡೆಯಲು 450 ಗ್ರಾಂ ಬೇಳೆ ಬೇಯಿಸಬೇಕು, ಅದರೊಡನೆ 1,500 ಕಿಲೊಕ್ಯಾಲೊರಿಗಳು ಒಳಹೋಗುತ್ತವೆ. ಹೀಗೆ ಸಸ್ಯಾಹಾರಿಗೆ ಇಳಿಕೆಯ ಕಾಲ ಕಷ್ಟತರವಾದುದು, ವೃದ್ಧಿಯ ಕಾಲ ಅಷ್ಟಿಲ್ಲ. ಧಾನ್ಯಗಳಲ್ಲಿ ಲೈಸೀನು ಕಡಮೆ, ಬೇಳೆಗಳಲ್ಲಿ ಮೆಥಿಯೊನೀನು ಕಡಮೆ. ಒಂದರ ನ್ಯೂನತೆಯನ್ನು ಇನ್ನೊಂದು ತುಂಬುವುದರಿಂದ ಇಡ್ಲಿ, ಬಿಸಿಬೇಳೆಬಾತು, ಮುದ್ದೆ-ಬಸ್ಸಾರುಗಳ ಸಂಯೋಗ ಗುಣದೃಷ್ಟಿಯಿಂದ ಶ್ಲಾಘ್ಯವೇ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟನ್ನು ಬೆರೆಸಿ, ಜೀವಸತ್ತ್ವ ಖನಿಜಗಳನ್ನು ಕೂಡಿಸಿ ತಯಾರಿಸಿದ ಬಹೂದ್ದೇಶ ಆಹಾರವೂ ಸಸ್ಯಮೂಲದ ಪ್ರೋಟೀನನ್ನು ಅಗ್ಗವಾಗಿ ಒದಗಿಸುವ ಉದ್ದೇಶದ್ದೇ.

ಗುಣ ಸರಿಯಿದ್ದೂ ಪ್ರಮಾಣ ಸಾಲದಿರುವುದಕ್ಕೆ ಪರಿಹಾರ ತಟ್ಟೆಯಲ್ಲಿಯೇ ಇದೆ. ಎರಡು ಮುದ್ದೆಗೆ ಬದಲು ಒಂದು ಮುದ್ದೆ, ತಿಳಿಸಾರಿಗೆ ಬದಲು ಗಟ್ಟಿಯಾದ ಹುಳಿ ಅಥವಾ ಕಾಳಿನ ಸಾರು, ಬೆಳಗ್ಗೆ ಮೂರು ಮೊಟ್ಟೆ (18 ಗ್ರಾಂ), ದಿನಕ್ಕೆ ಅರ್ಧ ಲೀಟರು ಹಾಲು (16 ಗ್ರಾಂ), ಮಾಂಸಾಹಾರಿಗೆ 150 ಗ್ರಾಂ ಚರ್ಮವಿಲ್ಲದ ಕೋಳಿಯ ಎದೆಮಾಂಸ (33 ಗ್ರಾಂ) ಅಥವಾ ಅಷ್ಟೇ ಮೀನು, ಸಸ್ಯಾಹಾರಿಗೆ 50 ಗ್ರಾಂ ಸೋಯಾ ಚಂಕ್ಸ್ (ಸುಮಾರು 26 ಗ್ರಾಂ) ಮತ್ತು 100 ಗ್ರಾಂ ಪನೀರು (18 ಗ್ರಾಂ), ಇಷ್ಟರಿಂದಲೇ ಅಂತರದ ದೊಡ್ಡ ಪಾಲು ತುಂಬುತ್ತದೆ. ಕಡಲೆಕಾಯಿಯನ್ನು ಬಡವರ ಮಾಂಸವೆಂದು ಹೊಗಳುವವರು ಅದರ ಅರ್ಧಭಾಗ ಎಣ್ಣೆಯೆಂಬುದನ್ನು ಮರೆಯಬಾರದು. ತೂಗುವವರು ಬೇಯಿಸದ ಪದಾರ್ಥವನ್ನೇ ತೂಗತಕ್ಕದ್ದು; ನೂರು ಗ್ರಾಂ ಅಕ್ಕಿ ಬೆಂದಾಗ ಸುಮಾರು 300 ಗ್ರಾಂ ಅನ್ನವಾಗುವುದರಿಂದ ಅಕ್ಕಿಯ ಅಂಕವನ್ನು ಅನ್ನಕ್ಕೆ ಅನ್ವಯಿಸಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಕಾಲ, ಪೂರಕಗಳು, ಎಚ್ಚರಿಕೆ

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನು ಕುಡಿಯದಿದ್ದರೆ ಶ್ರಮ ನಿಷ್ಫಲವೆಂಬ ಪ್ರಚಾರಕ್ಕೆ ಆಧಾರ ಬಲು ಕಡಮೆ. ದಿನದ ಒಟ್ಟು ಪ್ರಮಾಣವೇ ಪ್ರಧಾನ, ಅದನ್ನು ಮೂರು ನಾಲ್ಕು ಊಟಗಳಿಗೆ ಹಂಚುವುದು ಉಪಪ್ರಧಾನ. ಹಾಲಿನಿಂದ ಗಿಣ್ಣು ತೆಗೆದ ಮೇಲಿನ ತಿಳಿಯಿಂದ ತಯಾರಾದ ವೇ ಪುಡಿ ಲೂಸೀನಿನಿಂದ ಸಮೃದ್ಧವಾದ ಆಹಾರವೇ ಹೊರತು ಔಷಧವಲ್ಲ. ದೇಹವನ್ನು ಬೆಳೆಸಲು ಪ್ರೋಟೀನು ಪುಡಿಗಳನ್ನು ಅವಲಂಬಿಸಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಸಾಮಾನ್ಯ ಜನರಿಗೆ ಆ ಮಾತು ಒಪ್ಪತಕ್ಕದ್ದೇ. ಮೊಟ್ಟೆ ಮಾಂಸಗಳನ್ನು ಮುಟ್ಟದ, ಶಕ್ತಿಯನ್ನು ಕಡಿತಗೊಳಿಸಿರುವ ಅಭ್ಯಾಸಿ ಮಾತ್ರ ದಿನಕ್ಕೊಂದು ಅಳತೆ ಪುಡಿಯನ್ನು ಹಾಲಿನ ಸ್ಥಾನದಲ್ಲಿ ಬಳಸಿದರೆ ಆಕ್ಷೇಪಿಸಲು ಕಾರಣವಿಲ್ಲ.

ಪ್ರಗತಿಯನ್ನು ಒಂದು ದಿನದ ತೂಕದಿಂದಲ್ಲ, ವಾರದ ಸರಾಸರಿಯಿಂದಲೂ ಸೊಂಟದ ಸುತ್ತಳತೆಯಿಂದಲೂ ಎತ್ತುವ ಭಾರದ ಏರಿಕೆಯಿಂದಲೂ ಅಳೆಯತಕ್ಕದ್ದು. ಸೊಂಟ ಇಳಿದು ಭಾರ ಏರುತ್ತಿದ್ದರೆ ತೂಕ ನಿಂತಲ್ಲಿಯೇ ನಿಂತರೂ ಕ್ರಮವನ್ನು ಬದಲಿಸಬೇಕಾದುದಿಲ್ಲ. ಎರಡು ಮೂರು ವಾರ ಯಾವುದೂ ಚಲಿಸದಿದ್ದಲ್ಲಿ ಪ್ರೋಟೀನನ್ನು ಮುಟ್ಟದೆ, ಶರ್ಕರಪಿಷ್ಟ ಅಥವಾ ಕೊಬ್ಬಿನಿಂದ ನೂರು ನೂರೈವತ್ತು ಕಿಲೊಕ್ಯಾಲೊರಿಗಳನ್ನು ತೆಗೆಯಬೇಕು.

ಆರೋಗ್ಯವಂತರ ಮೂತ್ರಪಿಂಡಗಳಿಗೆ ಮೇಲೆ ಹೇಳಿದ ಮಿತಿಗಳೊಳಗಿನ ಪ್ರೋಟೀನಿನಿಂದ ಹಾನಿಯುಂಟಾದುದು ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಮೂತ್ರಪಿಂಡಗಳ ರೋಗ ಈಗಾಗಲೇ ಇರುವವರಿಗೆ ಈ ಪ್ರಮಾಣಗಳು ಅನ್ವಯಿಸವು. ಅವರೂ, ಇನ್ಸುಲಿನ್ ಮೊದಲಾದ ಔಷಧಗಳಲ್ಲಿರುವ ಮಧುಮೇಹಿಗಳೂ, ಗರ್ಭಿಣಿಯರೂ ಆಹಾರದಲ್ಲಿ ಯಾವ ಬದಲಾವಣೆಯನ್ನಾದರೂ ಮಾಡುವ ಮುನ್ನ ತಮ್ಮ ವೈದ್ಯರನ್ನು ಕಾಣಬೇಕು.